ಕಂಠಪರೀಕ್ಷೆ: ಗುಬ್ಬಿಯ ರಂಗದಿಂದ ವಿಶ್ವವಿದ್ಯಾಲಯದ ಬಾಗಿಲಿಗೆ

ಸಂಗೀತ ಪದವಿಗೆ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವ ವಿಶ್ವವಿದ್ಯಾಲಯಗಳು ಅಂಕಪಟ್ಟಿಯೊಂದನ್ನೇ ನೆಚ್ಚದೆ, ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡು, ಕೆಲವು ನಿಮಿಷ ಹಾಡಿಸಿಯೋ ನುಡಿಸಿಯೋ, ನಡುವೆ ಒಂದೆರಡು ಪ್ರಶ್ನೆ ಹಾಕಿ, ಆಮೇಲೆ ತೀರ್ಮಾನಕ್ಕೆ ಬರುವುದು ಈಗ ಸಾಮಾನ್ಯ ಪದ್ಧತಿ. ಆಡಿಷನ್ ಎಂದು ಕರೆಯಲಾಗುವ ಈ ಪರೀಕ್ಷೆ ಹೊರದೇಶಗಳ ಕನ್ನಡ ಕುಟುಂಬಗಳಲ್ಲಿ ಮಕ್ಕಳಿಗಿಂತ ಹೆಚ್ಚಾಗಿ ತಂದೆತಾಯಿಗಳನ್ನು ಕಾಡುತ್ತದೆ. ಪಶ್ಚಿಮದ ಸಂಗೀತಶಾಲೆಗಳಿಂದ ಬಂದ ಈ ಏರ್ಪಾಟಿಗೆ ತಮ್ಮ ಪರಂಪರೆಯಲ್ಲಿ ಬೇರಿಲ್ಲ ಎಂಬ ಭಾವನೆಯೇ ಅರ್ಧ ಆತಂಕಕ್ಕೆ ಕಾರಣ. ಆದರೆ ಹಾಡಿಸಿ ನೋಡಿ ಮನುಷ್ಯರನ್ನು ಆರಿಸುವ ವಿದ್ಯೆ ತುಮಕೂರು ಸೀಮೆಗೆ ಹೊಸದೇನಲ್ಲ. ವೃತ್ತಿ ರಂಗಭೂಮಿಯ ಕಾಲದಲ್ಲಿ ಗುಬ್ಬಿ ಎಂಬ ಸಣ್ಣ ಊರು ಆ ವಿದ್ಯೆಯ ನೆಲೆಯಾಗಿತ್ತು.

ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಈ ಊರಿನಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ಬಾಲಕನಾಗಿ ಸೇರಿ, 1917ರಲ್ಲಿ ಅದರ ಒಡೆತನ ವಹಿಸಿಕೊಂಡ ಗುಬ್ಬಿ ವೀರಣ್ಣನವರು (1891–1972) ಅದನ್ನು ನಾಡಿನ ಅತಿ ದೊಡ್ಡ ವೃತ್ತಿ ನಾಟಕ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಸಿದರು. 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ಜೀವಂತ ಆನೆ ಕುದುರೆಗಳನ್ನು ರಂಗಕ್ಕೆ ತಂದದ್ದನ್ನು ಎಲ್ಲರೂ ನೆನೆಯುತ್ತಾರಾದರೂ, ಕಂಪನಿ ನಿಂತಿದ್ದದ್ದು ಆನೆಗಳ ಮೇಲಲ್ಲ, ಹಾಡುಗಳ ಮೇಲೆ. ಧ್ವನಿವರ್ಧಕ ಬರುವ ಮುಂಚಿನ ಕಂಪನಿ ನಾಟಕದಲ್ಲಿ ನಟನೆಂದರೆ ಗಾಯಕನೂ ಹೌದು. ಕಾಲಿನಿಂದ ತಿದಿಯೊತ್ತಿ ಎರಡೂ ಕೈಗಳಲ್ಲಿ ನುಡಿಸುವ ಕಾಲು ಹಾರ್ಮೋನಿಯಂ ಹಾಗೂ ತಬಲೆಯ ಜೊತೆಗೆ ನಿಂತು, ಡೇರೆಯ ಕೊನೆಯ ಸಾಲಿನವನಿಗೂ ಮಾತು ಬಿಡಿಬಿಡಿಯಾಗಿ ಕೇಳುವಂತೆ ಅವನು ಹಾಡಬೇಕಾಗಿತ್ತು, ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದಾಗ ಅದೇ ಹಾಡನ್ನು ದಣಿವು ತೋರದೆ ಮತ್ತೆ ಎತ್ತಿಕೊಳ್ಳಬೇಕಾಗಿತ್ತು. ಕರ್ನಾಟಕ ಸಂಗೀತದ ಕೃತಿಗಳಿಂದಲೂ ಮರಾಠಿ ಮತ್ತು ಪಾರ್ಸಿ ನಾಟಕಗಳ ಹಾಡುಗಳಿಂದಲೂ ಧಾಟಿಗಳನ್ನು ತಂದು ಅವುಗಳಿಗೆ ಕನ್ನಡದ ಮಾತು ಕೂಡಿಸುತ್ತಿದ್ದ ಆ ರಂಗದಲ್ಲಿ, ಹೀಗೆ ಎರವಲು ಬಂದ ಧಾಟಿಗೆ ಮಟ್ಟು ಎಂದು ಹೆಸರು. ಮಟ್ಟನ್ನು ಒಂದೆರಡು ಸಲ ಕೇಳಿ ಹಿಡಿಯಬಲ್ಲವನು ಕಂಪನಿಗೆ ಬೇಕಾದವನು.

ಆದ್ದರಿಂದ ಅಂಥ ರಂಗಕ್ಕೆ ಹುಡುಗರನ್ನು ಆರಿಸುವವರ ಮುಂದಿದ್ದ ಪ್ರಶ್ನೆಗಳು ಕೆಲವೇ: ಹಾರ್ಮೋನಿಯಂ ಪೆಟ್ಟಿಗೆಯ ಶ್ರುತಿಗೆ ದನಿ ಕೂಡುತ್ತದೆಯೇ, ತಾಳ ಕೈಯಲ್ಲಿದೆಯೇ, ಹೇಳಿಕೊಟ್ಟದ್ದನ್ನು ಹಾಗೆಯೇ ತಿರುಗಿ ಒಪ್ಪಿಸಬಲ್ಲನೇ. ಎಷ್ಟು ಹಾಡು ಬರುತ್ತದೆ ಎಂಬುದು ಆಮೇಲಿನ ಮಾತು, ಏಕೆಂದರೆ ಹಾಡು ಕಲಿಸುವ ಹೊಣೆ ಕಂಪನಿಯದೇ ಆಗಿತ್ತು. ಕಲಿತದ್ದು ಎಷ್ಟು ಎನ್ನುವುದಕ್ಕಿಂತ ಇನ್ನು ಮುಂದೆ ಕಲಿಸಬಹುದೇ ಎನ್ನುವುದನ್ನು ಅಳೆಯುವ ಈ ಕ್ರಮದ ಫಲವನ್ನು ಅಲ್ಲಿಂದ ಹೊರಟವರ ಬದುಕಿನಲ್ಲಿಯೇ ಕಾಣಬಹುದು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆಗೆ ಬಾಲಕನಾಗಿ ಗುಬ್ಬಿ ಕಂಪನಿಯಲ್ಲಿ ಬೆಳೆದ, ಶಾಲೆಯನ್ನು ಕೆಳತರಗತಿಗಳಲ್ಲಿಯೇ ಬಿಟ್ಟ ರಾಜ್‌ಕುಮಾರ್ ಅವರಿಗೆ 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಮುಂದೆ ‘ಜೀವನಚೈತ್ರ’ ಚಿತ್ರದ ಗಾಯನಕ್ಕೆ 1992ರ ಸಾಲಿನ ರಾಷ್ಟ್ರಪ್ರಶಸ್ತಿಯೂ ಬಂದಿತು. ಇನ್ನೂ ಹತ್ತಿರದ ನಿದರ್ಶನ ಬಿ. ವಿ. ಕಾರಂತರದು. ದಕ್ಷಿಣ ಕನ್ನಡದ ಮಂಚಿಯಿಂದ ಮನೆ ಬಿಟ್ಟು ಬಂದು ಕಂಪನಿ ಸೇರಿದ ಆ ಹುಡುಗನನ್ನು ವೀರಣ್ಣನವರೇ ಓದಿಗಾಗಿ ಬನಾರಸಿಗೆ ಕಳುಹಿಸಿದರು. ಅಲ್ಲಿ ಹಿಂದಿಯಲ್ಲಿ ಎಂ.ಎ. ಮಾಡುತ್ತಲೇ ಅವರು ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಮೈಸೂರಿನ ರಂಗಾಯಣದ ಸ್ಥಾಪಕ ನಿರ್ದೇಶಕರಾಗಿ ಅವರು ರಂಗಸಂಗೀತಕ್ಕೆ ಕೊಟ್ಟ ತಿರುವು ಎಲ್ಲರಿಗೂ ತಿಳಿದದ್ದೇ. ಕಂಪನಿಯ ಡೇರೆಯಿಂದ ವಿಶ್ವವಿದ್ಯಾಲಯದ ಅಂಗಳಕ್ಕೆ ದಾರಿಯಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ.

ಕರ್ನಾಟಕದಲ್ಲಿ ಸಂಗೀತ ವಿಶ್ವವಿದ್ಯಾಲಯದ ವಿಷಯವಾಗಿ ನೆಲೆಗೊಂಡದ್ದು ಬಹಳ ಹಿಂದಿನ ಮಾತಲ್ಲ. ಮೈಸೂರು ವಿಶ್ವವಿದ್ಯಾಲಯದ ಲಲಿತಕಲೆಗಳ ಕಾಲೇಜು 1965ರಲ್ಲಿ ಆರಂಭವಾಯಿತು. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಮೈಸೂರಿನಲ್ಲಿ ತಲೆಯೆತ್ತಿದ್ದು ಈ ಶತಮಾನದಲ್ಲಿ. ಇವುಗಳ ಬಾಗಿಲಿಗೆ ತುಮಕೂರು, ಗುಬ್ಬಿ, ಕುಣಿಗಲ್ಲುಗಳಿಂದ ಬರುವ ವಿದ್ಯಾರ್ಥಿ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿದು ಬಂದಿರುತ್ತಾನೆ. ಗುರುವಿನ ಮನೆಯಲ್ಲಿ ಸರಳೆ, ಜಂಟಿ, ಅಲಂಕಾರಗಳಿಂದ ಹಿಡಿದು ವರ್ಣ, ಕೃತಿಗಳವರೆಗೆ ಪಾಠ ಮಾಡಿಕೊಂಡು, ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ದಶಕಗಳ ಕಾಲ ನಡೆಸಿಕೊಂಡು ಬಂದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಮೆಟ್ಟಿಲೇರಿದವರದು ಒಂದು ದಾರಿ. ಎಡೆಯೂರಿನ ಸಿದ್ಧಲಿಂಗೇಶ್ವರ ಕ್ಷೇತ್ರದಂಥ ಕಡೆ ಭಜನೆ, ವಚನಗಾಯನಗಳಲ್ಲಿ ದನಿಗೂಡಿಸುತ್ತ, ಇಲ್ಲವೇ ಮುಖವೀಣೆಯ ನಾದದೊಡನೆ ಆಡುವ ಮೂಡಲಪಾಯ ಯಕ್ಷಗಾನದ ಪದಗಳನ್ನು ಕೇಳುತ್ತ, ಕಿವಿಯಿಂದಲೇ ಕಲಿತವರದು ಇನ್ನೊಂದು. ಮೊದಲನೆಯವರಲ್ಲಿ ಶಾಸ್ತ್ರವಿದ್ದು ಕಂಠ ಅಳುಕುತ್ತದೆ. ಎರಡನೆಯವರಲ್ಲಿ ತೆರೆದ ಕಂಠವಿದ್ದು, ಹಾಡಿದ್ದು ಯಾವ ರಾಗ ಎಂದು ಕೇಳಿದೊಡನೆ ಬಾಯಿ ಕಟ್ಟುತ್ತದೆ. ಸಂದರ್ಶನದ ಮೇಜಿನಲ್ಲಿ ಮೊದಲನೆಯ ಕೊರತೆಗೆ ಸಿಗುವ ರಿಯಾಯಿತಿ ಎರಡನೆಯದಕ್ಕೆ ಸಿಗುವುದು ಅಪರೂಪ, ಇದು ನ್ಯಾಯವೆಂದು ಹೇಳುವುದು ಕಷ್ಟ.

ಸಿದ್ಧತೆಯಲ್ಲಿ ಮೊದಲು ಇತ್ಯರ್ಥವಾಗಬೇಕಾದದ್ದು ಶ್ರುತಿ, ಅಂದರೆ ಗಾಯಕ ತನ್ನ ಆಧಾರ ಷಡ್ಜವನ್ನು ಎಲ್ಲಿ ಇಟ್ಟುಕೊಳ್ಳುತ್ತಾನೆ ಎಂಬುದು. ಗಂಡು ದನಿಗೆ ಹಾರ್ಮೋನಿಯಂನ ಬಿಳಿ ಒಂದರ ಆಸುಪಾಸು, ಹೆಣ್ಣು ದನಿಗೆ ಬಿಳಿ ಐದರ ಆಸುಪಾಸು ವಾಡಿಕೆಯಾದರೂ, ಮಂದ್ರದ ಪಂಚಮದಿಂದ ತಾರಸ್ಥಾಯಿಯ ಪಂಚಮದವರೆಗೆ ಬಿಗಿಯಿಲ್ಲದೆ ಓಡಾಡಲು ಬಿಡುವ ಶ್ರುತಿಯೇ ಅವರವರ ಶ್ರುತಿ. ದನಿಯೊಡೆಯುವ ವಯಸ್ಸಿನಲ್ಲಿ ಹುಡುಗರ ಕಂಠ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುವುದರಿಂದ, ಹನ್ನೆರಡರ ಹರೆಯದಲ್ಲಿ ಗೊತ್ತುಮಾಡಿದ ಶ್ರುತಿಯನ್ನೇ ಹದಿನೇಳರಲ್ಲಿಯೂ ಎಳೆದುಕೊಂಡು ಬರುವುದು ತಪ್ಪು. ಅನಂತರದ್ದು ಸ್ವರಜ್ಞಾನ, ಎಂದರೆ ಕೇಳಿದ ನಾದವನ್ನು ಇದು ಗಾಂಧಾರ, ಇದು ನಿಷಾದ ಎಂದು ಗುರುತಿಸುವ ಶಕ್ತಿ. ಮೂರನೆಯದು ಮನೋಧರ್ಮ: ಆಲಾಪನೆ, ಕೃತಿಯ ಒಂದು ಸಾಲನ್ನು ತಾಳದೊಳಗೆ ಹಿಗ್ಗಿಸುವ ನೆರವಲ್, ಕಲ್ಪನಾಸ್ವರ, ಇವುಗಳಲ್ಲಿ ಪಾಠದ ಆಚೆಗೆ ಕಾಣುವ ಸ್ವಂತದ ಕೆಲಸ. ಬಾಯಿಪಾಠ ಮಾಡಿಸಿದ ಆಲಾಪನೆಯನ್ನು ಪರೀಕ್ಷಕರು ಬೇಗ ಗುರುತಿಸುತ್ತಾರೆ. ನಡುವೆ ತಡೆದು ‘ಮಧ್ಯಮದಿಂದ ಎತ್ತಿಕೊಳ್ಳಿ’ ಎಂದರೆ ಸಾಕು, ಗಿಳಿಪಾಠ ಅಲ್ಲಿಗೆ ನಿಲ್ಲುತ್ತದೆ.

ಅಮೆರಿಕದ ಸಂಗೀತಶಾಲೆಗಳ ಕ್ರಮ ಮೇಲ್ನೋಟಕ್ಕೆ ಬೇರೆ. ಮೊದಲು ಧ್ವನಿಮುದ್ರಣ ಕಳುಹಿಸುವುದು, ಆಮೇಲೆ ಭಿನ್ನ ಶೈಲಿಯ ಎರಡು ರಚನೆಗಳು, ಮುಂದಿಟ್ಟ ಸ್ವರಲಿಪಿಯನ್ನು ನೋಡಿದೊಡನೆ ಹಾಡುವುದು, ಕೇಳಿದ ಸ್ವರಾಂತರಗಳನ್ನು ಹೇಳುವುದು, ಇವು ಅಲ್ಲಿ ಬಳಕೆಯಲ್ಲಿವೆ. ಬಾಸ್ಟನ್ನಿನ ಬರ್ಕ್ಲಿ ಕಾಲೇಜು ಆಶುವಾದನವನ್ನೂ ಸಂದರ್ಶನವನ್ನೂ ಸೇರಿಸುತ್ತದೆ. 1960ರ ದಶಕದಿಂದಲೇ ಕರ್ನಾಟಕ ಸಂಗೀತವನ್ನು ಬೋಧಿಸುತ್ತಿರುವ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಂಥವು ಕೆಲವೇ. ಸರಿಗಮದಲ್ಲಿ ಪಳಗಿದ ಕನ್ನಡದ ಮಗುವಿಗೆ ಸ್ವರಾಂತರ ಗುರುತಿಸುವುದು ಸುಲಭವೆಂದು ಪೋಷಕರು ಭಾವಿಸುವುದುಂಟು, ಅದು ಅರ್ಧ ಮಾತ್ರ ನಿಜ. ಸ್ವರವನ್ನು ತೂಗಿ ಬಳುಕಿಸುವ ಗಮಕ ಕರ್ನಾಟಕ ಸಂಗೀತದ ಜೀವ. ತೋಡಿಯ ಗಾಂಧಾರವನ್ನು ಹಾಡುವ ಮಗು ಒಂದೇ ಸ್ವರದ ಹೆಸರಿನಲ್ಲಿ ಹಲವು ಸ್ಥಾನಗಳನ್ನು ತಾಗಿ ಬರುತ್ತದೆ. ಪಿಯಾನೊ ಎದುರಿಗೆ ಬೇಕಾದದ್ದು ಅಲುಗದ ಸ್ವರ. ಹಾಗಾಗಿ ಅಂಥ ಪರೀಕ್ಷೆಗೆ ಹೊರಟವರು ದಿನವೂ ಸ್ವಲ್ಪ ಹೊತ್ತು ಗಮಕವಿಲ್ಲದ ನೇರ ಸ್ವರಗಳ ಸಾಧನೆಯನ್ನು ಬೇರೆಯಾಗಿಯೇ ಮಾಡಬೇಕು. ಬದಲಾಗದ ಸ್ವರಸ್ಥಾನಗಳ ಹಾರ್ಮೋನಿಯಂ ಜೊತೆಗೆ ಹಾಡುತ್ತಲೇ ರಾಗದ ಬಣ್ಣ ಕೆಡದಂತೆ ನೋಡಿಕೊಂಡ ಕಂಪನಿ ನಟರು ಈ ಎರಡು ದೋಣಿಯ ಪಯಣವನ್ನು ಎಂದೋ ಕಲಿತಿದ್ದರು.

ಹೊರದೇಶಗಳ ಕನ್ನಡ ಸಂಘಗಳ ವೇದಿಕೆಗಳಲ್ಲಿ ಹಾಡಿ ಬಹುಮಾನ ಪಡೆದ ಮಕ್ಕಳ ಬಳಿ ಹಾಡುಗಳ ಸಂಖ್ಯೆಗೆ ಕೊರತೆಯಿಲ್ಲ, ಪರೀಕ್ಷೆ ಹತ್ತಿರವಾದಂತೆ ಆ ಪಟ್ಟಿಗೆ ಇನ್ನೆರಡು ದೊಡ್ಡ ಕೃತಿ ಸೇರಿಸುವ ಆತುರವೇ ಮನೆಮನೆಯಲ್ಲಿ ಕಾಣುತ್ತದೆ. ಪೋಷಕರು ದಯವಿಟ್ಟು ಆ ಆತುರವನ್ನು ಬಿಡಬೇಕು. ಕೊನೆಯ ಮೂರು ತಿಂಗಳು ಹೊಸ ಪಾಠ ನಿಲ್ಲಿಸಿ, ಚೆನ್ನಾಗಿ ಬರುವ ಎರಡು ಮೂರು ರಚನೆಗಳನ್ನು ತಂಬೂರಿಯ ಶ್ರುತಿಯೊಂದಕ್ಕೇ, ಮೈಕ್ ಇಲ್ಲದೆ, ಅಪರಿಚಿತರ ಮುಂದೆ ಹಾಡಿಸಬೇಕು, ನಡುವೆ ಎಲ್ಲಿ ನಿಲ್ಲಿಸಿದರೂ ಅಲ್ಲಿಂದಲೇ ಎತ್ತಿಕೊಳ್ಳುವ ಅಭ್ಯಾಸ ಮಾಡಿಸಬೇಕು.