ಸೂಜಿಯ ಭಾರ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ - ಎಲ್ಲೇ ಆಗಲಿ, ಹಳೆಯ ಮನೆಯ ಅಟ್ಟ ಹತ್ತಿದರೆ ತಾತನ ಕಾಲದ ರೆಕಾರ್ಡ್ ಪ್ಲೇಯರ್ ಸಿಕ್ಕರೂ ಸಿಕ್ಕೀತು. ಗುಜರಿಗೆ ಹಾಕುವ ಮುನ್ನ ಸ್ವಲ್ಪ ತಾಳಿ.

ತಟ್ಟೆ ತಿರುಗದಿದ್ದರೆ ಮೋಟಾರು ಸುಟ್ಟಿದೆ ಎಂದೇ ತೀರ್ಪು ಕೊಟ್ಟುಬಿಡುತ್ತೇವೆ. ಅನೇಕ ಸಲ ಅದು ಸುಟ್ಟಿರುವುದಿಲ್ಲ. ವರ್ಷಗಟ್ಟಲೆ ಸುಮ್ಮನೆ ಕುಳಿತು ಒಳಗಿನ ಗ್ರೀಸು ಅಂಟಾಗಿ ಬಿಗಿದಿರುತ್ತದೆ. ಆ ಹಳೆಯ ಅಂಟನ್ನು ಒರೆಸಿ ತೆಗೆದು ಒಂದೆರಡು ತೊಟ್ಟು ಎಣ್ಣೆ ಬಿಡಬೇಕು. ಅಂಟಿನ ಮೇಲೆಯೇ ಎಣ್ಣೆ ಸುರಿದರೆ ನಾಲ್ಕು ದಿನ ತಿರುಗಿ ಮತ್ತೆ ನಿಲ್ಲುತ್ತದೆ. ಮನೆಜಗಳಗಳಲ್ಲಿ ನಾವು ಮಾಡುವುದೂ ಇದನ್ನೇ ಅಲ್ಲವೇ? ಕ್ರಿಸ್‌ಮಸ್‌ಗೆ ಹೊಸ ಬಟ್ಟೆ ಕೊಟ್ಟು, ಹಳೆಯ ಮಾತನ್ನು ಹಾಗೆಯೇ ಒಳಗಿಟ್ಟುಕೊಳ್ಳುತ್ತೇವೆ.

ಇನ್ನು ಪ್ಲೇಟುಗಳು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳಲ್ಲಿ ಹೆಚ್ಚಿನವು ಅರಗಿನವು. 1948ರಲ್ಲಿ ಅಮೆರಿಕದಲ್ಲಿ ಬಂದ ಎಲ್‌ಪಿ ವಿನೈಲ್ ಪ್ಲಾಸ್ಟಿಕ್ಕಿನದು. ಎಲ್‌ಪಿಯ ಕೊಳೆ ತೆಗೆಯಲು ಕೆಲವರು ಸ್ಪಿರಿಟ್ ಬೆರೆಸಿದ ನೀರು ಬಳಸುತ್ತಾರೆ. ಅದನ್ನೇ ಅರಗಿನ ಪ್ಲೇಟಿಗೆ ಸವರಿದಿರೋ, ಹಾಡೇ ಕರಗಿಹೋಯಿತು! ಮರಗೆಲಸದವರು ಪಾಲಿಶ್ ಮಾಡಲು ಅರಗನ್ನು ಕರಗಿಸುವುದೂ ಸ್ಪಿರಿಟ್‌ನಲ್ಲಿಯೇ. ಒಬ್ಬರಿಗೆ ಔಷಧವಾದ ಮಾತು ಇನ್ನೊಬ್ಬರಿಗೆ ವಿಷವಾಗುವುದು ಹೀಗೆ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತ ತಂದೆಗೂ, ಬೆಳಗಾಗುವ ಮುನ್ನ ಬೆಂಗಳೂರಿನ ರೈಲು ಹಿಡಿಯುವ ಮಗನಿಗೂ ಒಂದೇ ಮಾತು ಒಂದೇ ರೀತಿ ತಾಗುತ್ತದೆಯೇ?

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸೂಜಿಯ ಭಾರ. ಸಾಮಾನ್ಯ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ ಒಂದೂವರೆ, ಎರಡು ಗ್ರಾಂ ಸಾಕು. ಹಳೆಯ ಸೆರಾಮಿಕ್‌ಗೆ ಅದಕ್ಕಿಂತ ಹೆಚ್ಚು ಬೇಕು. ಭಾರ ಹೆಚ್ಚಾದರೆ ಗೆರೆ ಸವೆಯುತ್ತದೆ. ಹಗುರವಾದರೆ ಒಳ್ಳೆಯದೆಂದು ತಿಳಿಯಬೇಡಿ. ಸೂಜಿ ಗೆರೆಯಲ್ಲಿ ನಿಲ್ಲದೆ ಎಗರಿ, ಗೋಡೆಗೆ ಬಡಿದು ಪ್ಲೇಟನ್ನು ಕೆಡಿಸುತ್ತದೆ. ಸದಾ ಗದರುವ ತಂದೆಯ ವಿಷಯದಲ್ಲಿ ನಾವೆಲ್ಲರೂ ಮಾತಾಡುತ್ತೇವೆ. ಮಗ ಕುಡಿದು ಬಂದರೂ ಏನೂ ಹೇಳದ ತಂದೆಯ ವಿಷಯ ಯಾರೂ ಎತ್ತುವುದಿಲ್ಲ.

ತಪ್ಪಿಗೆ ಸಿಕ್ಕಿಬಿದ್ದವನನ್ನು ಸೌಮ್ಯ ಭಾವದಿಂದ ಸರಿಪಡಿಸಿರಿ ಎಂಬುದು ಗಲಾತ್ಯರಿಗೆ ಸಂತ ಪೌಲರು ಬರೆದ ಪತ್ರದ 6ನೇ ಅಧ್ಯಾಯದ ಮೊದಲ ಬುದ್ಧಿವಾದ. ಅಲ್ಲಿರುವ ಗ್ರೀಕ್ ಕ್ರಿಯಾಪದವೇ ಸಂತ ಮತ್ತಾಯರ ಶುಭಸಂದೇಶದ 4ನೇ ಅಧ್ಯಾಯದಲ್ಲಿಯೂ ಇದೆ: ಯಕೋಬ, ಯೊವಾನ್ನರು ದೋಣಿಯಲ್ಲಿ ಕುಳಿತು ಬಲೆ ಸರಿಪಡಿಸುತ್ತಿದ್ದರಲ್ಲ, ಅಲ್ಲಿ. ಹರಿದ ಬಲೆಯನ್ನು ಬೈದರೆ ಅದು ಕೂಡಿಕೊಳ್ಳುವುದಿಲ್ಲ, ಮಡಚಿಟ್ಟರೂ ಇಲ್ಲ. ಮೊಣಕಾಲ ಮೇಲೆ ಹರಡಿಕೊಂಡು ಒಂದೊಂದೇ ಗಂಟು ಹಾಕಬೇಕು.

ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಅಟ್ಟದ ಪೆಟ್ಟಿಗೆ ಇಳಿಸುವುದಾದರೆ, ಮಾತು ಬಿಟ್ಟಿರುವ ಅಣ್ಣನನ್ನೂ ಜೊತೆಗೆ ಕರೆಯಿರಿ. ಯಾವ ಪ್ಲೇಟನ್ನು ಅಪ್ಪ ಯಾವಾಗ ತಂದರು ಎಂಬುದು ಅವನಿಗೆ ನೆನಪಿರಬಹುದು.