ಜಲಗಾಲನ ವ್ರತ ಮತ್ತು ಮರಳಿನ ಶೋಧಕ

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಶ್ರಾವಕನ ಅಷ್ಟಮೂಲಗುಣಗಳನ್ನು ಎಣಿಸುವಾಗ, ಒಂದು ಮತದಂತೆ, ಮದ್ಯಮಾಂಸತ್ಯಾಗದ ಸಾಲಿನಲ್ಲಿಯೇ ಜಲಗಾಲನವನ್ನೂ ಇರಿಸಿರುವರು. ನೀರು ಸೋಸುವ ಆ ಇಮ್ಮಡಿ ಬಟ್ಟೆ ಯಾರ ರಕ್ಷಣೆಗಾಗಿ? ನಮ್ಮ ಉದರಕ್ಕೋ, ನೀರಿನ ತ್ರಸಜೀವಿಗಳಿಗೋ? ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ತಂದ ಜಲಾಶಯಕ್ಕೇ ಮರಳಿಸಬೇಕೆಂಬ ವಿಧಿಯೇ ಇದಕ್ಕೆ ಉತ್ತರ. ಆರೋಗ್ಯವೊಂದೇ ಉದ್ದೇಶವಾಗಿದ್ದರೆ ಅದನ್ನು ಬಚ್ಚಲಿಗೆ ಚೆಲ್ಲಬಹುದಿತ್ತು.

ಆದರೂ ಬಟ್ಟೆ ಮನುಷ್ಯನನ್ನೂ ಕಾಯುತ್ತದೆ. ನಾರುಹುಣ್ಣಿನ ಹುಳುವನ್ನು ಹೊತ್ತ ನೀರ್ಚಿಗಟವು ಬಟ್ಟೆಯಲ್ಲಿ ಸಿಕ್ಕಿಬೀಳುವುದು. ಭಾರತವು ಆ ರೋಗದಿಂದ ಮುಕ್ತವೆಂದು 2000ದಲ್ಲಿ ಘೋಷಿತವಾದುದರಲ್ಲಿ ಸೋಸುಬಟ್ಟೆಯ ಪಾಲೂ ಉಂಟು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರವಾಗಿ ಮಡಿಸಿ ಸೋಸಿದುದರಿಂದ ಕಾಲರಾ ಶೇಕಡಾ 48ರಷ್ಟು ತಗ್ಗಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸುವುದು. ಉಳಿದ ಅರ್ಧವನ್ನು ಮರೆಯಬಾರದು. ಬಿಡಿಯಾಗಿ ತೇಲುವ ರೋಗಾಣು ಬಟ್ಟೆಯ ಕಣ್ಣಿನಲ್ಲಿ ನುಸುಳಿ ಹೋಗುತ್ತದೆ.

ಹುಣಸೂರಿಗೆ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣ ಕೃಷ್ಣರಾಜನಗರಗಳಿಗೆ ಕಾವೇರಿ, ಹೆಗ್ಗಡದೇವನಕೋಟೆಗೆ ಕಪಿಲೆ. ಗೊಮ್ಮಟಗಿರಿಯೂ ಚಿಕ್ಕಹನಸೋಗೆಯ ಬಸದಿಯೂ ಇರುವ ಈ ಸೀಮೆಯ ಹೊಳೆ, ಕೆರೆ, ತೆರೆದ ಬಾವಿಗಳ ನೀರಿಗೆ ಹೊಂದುವ ಅಗ್ಗದ ಉಪಾಯವೊಂದಿದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮಾಂಜ್ ಅವರು ರೂಪಿಸಿದ ಮನೆಮಟ್ಟದ ಮರಳು ಶೋಧಕವದು. ಕಾಂಕ್ರೀಟಿನ ತೊಟ್ಟಿಯ ತಳದಲ್ಲಿ ಜಲ್ಲಿ, ಮೇಲೆ ತೊಳೆದ ನುಣ್ಣನೆಯ ಮರಳು. ತಳದಿಂದ ಹೊರಡುವ ಕೊಳವೆಯ ಬಾಯಿ ಮರಳಿಗಿಂತ ಸುಮಾರು 5 ಸೆಂಟಿಮೀಟರ್ ಎತ್ತರದಲ್ಲಿರುವುದರಿಂದ ಮರಳು ಸದಾ ನೀರಿನಡಿಯಲ್ಲಿರುವುದು. ವಿದ್ಯುತ್ತು ಬೇಡ, ನಲ್ಲಿಯೂ ಬೇಡ. ತಿಂಗಳೊಪ್ಪತ್ತಿನಲ್ಲಿ ಮರಳಿನ ಮೇಲ್ಮೈಯಲ್ಲಿ ಸೂಕ್ಷ್ಮಜೀವಿಗಳ ತೆಳುಪದರವೊಂದು ನೆಲೆಗೊಂಡು ರೋಗಾಣುಗಳನ್ನು ಭಕ್ಷಿಸುವುದು. ನೀರಿನಲ್ಲಿ ಕರಗಿದ ಫ್ಲೋರೈಡನ್ನು ಮಾತ್ರ ಇದು ತೆಗೆಯಲಾರದು. ಕೊಳವೆಬಾವಿಯವರು ಮೊದಲು ನೀರನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

ಇಲ್ಲಿಯೇ ವ್ರತಿಕನ ಮನಸ್ಸು ಅಳುಕುವುದು. ಜೀವಿಗಳಿಂದ ಜೀವಿಗಳನ್ನು ಕೊಲ್ಲಿಸಿ ಪಡೆದ ನೀರು ಶುದ್ಧವೆ? ಅಳುಕು ಸಹಜ. ಆದರೆ ಅಣುವ್ರತಿಯು ತ್ಯಜಿಸಿರುವುದು ಸಂಕಲ್ಪೀ ಹಿಂಸೆಯನ್ನು. ಒಲೆ, ಒನಕೆಗಳ ಆರಂಭೀ ಹಿಂಸೆ ಗೃಹಸ್ಥನಿಗೆ ತಪ್ಪಿದ್ದಲ್ಲ. ನೀರು ಕಾಯಿಸುವಾಗಲೂ ಒಂದು ಪಾತ್ರೆಯ ಜೀವಕುಲವೇ ನಾಶವಾಗುವುದಷ್ಟೆ. ಮೊದಲು ಬಟ್ಟೆಯಲ್ಲಿ ಸೋಸಿ, ಜೀವಾಣಿಯನ್ನು ಮರಳಿಸಿ, ಅನಂತರ ಮರಳಿಗೆ ಸುರಿಯುವವನು ತನ್ನಿಂದಾದುದನ್ನು ಮಾಡಿದವನು. ವಿದ್ವಾಂಸರು ಅನ್ಯಥಾ ಹೇಳಿದರೆ ತಿದ್ದಿಕೊಳ್ಳುವೆನು.

ನನಗೆ ಹೆಚ್ಚು ಭಯವಿರುವುದು ಪ್ರಮಾದದ ಬಗ್ಗೆ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಾಗ ಮೊದಲಿಟ್ಟಿರುವುದು ಪ್ರಮಾದವನ್ನೇ. ನಲವತ್ತೆಂಟು ಗಂಟೆ ಮೀರಿ ಹೊಸ ನೀರು ಬೀಳದಿದ್ದರೆ ಆ ಪದರ ಆಹಾರವಿಲ್ಲದೆ ಸೊರಗುವುದು. ಅಷ್ಟರಿಂದ ನಮ್ಮ ನೀರೂ ಕೆಡುವುದು. ಅಷ್ಟಮಿ, ಚತುರ್ದಶಿಗಳಲ್ಲಿ ನಿರ್ಜಲ ಉಪವಾಸವಿರುವ ಮನೆಯಲ್ಲಿ ಅಂದು ಕೊಡ ಹೊರಗೆ ಬರುವುದಿಲ್ಲ. ದಶಲಕ್ಷಣ ಪರ್ವದಲ್ಲಿ ಬೀಗ ಹಾಕಿ ಕ್ಷೇತ್ರಕ್ಕೆ ಹೋಗುವವರೂ ಉಂಟು. ಉಪವಾಸ ನಮ್ಮದು, ಮರಳಿನದಲ್ಲ. ಅಂಥ ದಿನಗಳಲ್ಲಿ ಒಂದು ಕೊಡ ಸುರಿಯಲು ನೆರೆಮನೆಯವರಿಗೆ ಹೇಳಿ ಹೋಗಬೇಕು. ಇಳಿದ ನೀರನ್ನು ಅವರೇ ಕುಡಿಯಲಿ.

ಇನ್ನು ಮರ್ಯಾದೆಯ ವಿಚಾರ. ಗಾಲಿತ ಜಲದ ಅವಧಿ ಎರಡು ಘಳಿಗೆ, ಅಂದರೆ 48 ನಿಮಿಷ. ಮರಳಿನೊಳಗೆ ರಾತ್ರಿಯೆಲ್ಲ ತಂಗಿದ ನೀರು ಆ ಅವಧಿಯನ್ನು ಮೀರಿರುತ್ತದೆ. ಆದುದರಿಂದ ಕೊಳವೆಯ ಬಾಯಿಗೂ ಒಂದು ಬಟ್ಟೆ ಕಟ್ಟಿ ಸೋಸಿಯೇ ಕುಡಿಯತಕ್ಕದ್ದು. ಅದರ ಜೀವಾಣಿಯನ್ನು ತೊಟ್ಟಿಯ ಮೇಲ್ಭಾಗದ ನೀರಿಗೇ ಬಿಡತಕ್ಕದ್ದು.