ಐದು ಸೂನೆಗಳಲ್ಲಿಲ್ಲದ ಅಲಗು

ಗೃಹಸ್ಥನ ಮನೆಯಲ್ಲಿ ಐದು ಸೂನೆಗಳು, ಎಂದರೆ ವಧಸ್ಥಾನಗಳು, ಉಂಟೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯವು ಎಣಿಸುತ್ತದೆ: ಒಲೆ, ಬೀಸುಕಲ್ಲು, ಕಸಬರಿಗೆ, ಒರಳು-ಒನಕೆ, ನೀರಿನ ಕೊಡ. ಉರಿಗೆ ಬೀಳುವ ಹುಳು, ಕಲ್ಲಿನಡಿ ಅರೆಯಲ್ಪಡುವ ಕ್ರಿಮಿ, ಗುಡಿಸುವಾಗ ಸಾಯುವ ಇರುವೆ, ಇಂಥ ಅರಿಯದೆ ಸಂಭವಿಸುವ ಕೊಲೆಗಳ ದೋಷವನ್ನು ಕಳೆಯುವುದಕ್ಕಾಗಿಯೇ ಪಂಚಮಹಾಯಜ್ಞಗಳು ವಿಹಿತವಾದುವೆಂಬುದು ಅಲ್ಲಿಯ ಅಭಿಪ್ರಾಯ. ಈ ಪಟ್ಟಿಯನ್ನು ಓದಿದಾಗಲೆಲ್ಲ ನನ್ನ ಮನಸ್ಸು ಅದರಲ್ಲಿಲ್ಲದ ಒಂದು ವಸ್ತುವಿನ ಮೇಲೆ ಹೋಗಿ ನಿಲ್ಲುತ್ತದೆ. ಕೊಯ್ಯುವುದೊಂದೇ ಯಾವುದರ ಧರ್ಮವೋ, ಆ ಅಡುಗೆಮನೆಯ ಅಲಗು ಅಲ್ಲಿಲ್ಲ. ಸ್ಮೃತಿಕಾರನು ಅದನ್ನು ಮರೆತನೆಂದು ನನಗೆ ತೋರುವುದಿಲ್ಲ. ಕಸಬರಿಗೆ ಹಿಡಿದವನು ತನ್ನ ಕೆಲಸದಿಂದ ಜೀವವೊಂದು ಹೋಯಿತೆಂಬುದನ್ನು ಕಾಣದೆಯೇ ಇರಬಹುದು. ಅಲಗು ಹಿಡಿದವನಿಗೆ ಆ ಅಜ್ಞಾನದ ಆಶ್ರಯವಿಲ್ಲ. ತಾನು ಏನನ್ನು, ಎಲ್ಲಿ, ಎಷ್ಟು ಕೊಯ್ಯುತ್ತಿರುವೆನೆಂಬುದು ಅವನ ಕಣ್ಣೆದುರಿಗೇ ಇರುತ್ತದೆ.

ಘಟಪ್ರಭೆಯ ನೀರುಂಡು ಕಬ್ಬು ಬೆಳೆಯುವ ನಮ್ಮ ಮಸಗುಪ್ಪಿಯ ಸೀಮೆಗೆ ಅಲಗು ಹೊಸದಲ್ಲ. ಅಡುಗೆಮನೆಯಲ್ಲಿ ಈಳಿಗೆ, ಹೊಲದಲ್ಲಿ ಕುಡಗೋಲು, ಹಂಗಾಮು ಬಂದೊಡನೆ ಕಬ್ಬು ಕಡಿಯುವ ಕೊಯ್ತಾ. ಇವನ್ನು ಕಾಸಿ ಹಣಿಸಿ ಕೊಡುತ್ತಿದ್ದ ಕಂಬಾರನಿಗೆ ಹಿಂದೆ ಸುಗ್ಗಿಯ ರಾಶಿಯಲ್ಲಿಯೇ ಆಯ ಸಲ್ಲುತ್ತಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪೇಟೆಗಳಲ್ಲಿ ಸಂಜೆಯ ಹೊತ್ತು ಗೋಬಿ ಮಂಚೂರಿಯ ಗಾಡಿಗಳು ನಿಲ್ಲತೊಡಗಿದ ಮೇಲೆ ಈ ಕುಲಕ್ಕೆ ಇನ್ನೊಂದು ಸೇರಿತು: ಹಲಗೆಯಂತೆ ಅಗಲವಾದ, ಮೊನೆಯಿಲ್ಲದ, ಆಯತಾಕಾರದ ಚೀನೀ ಕತ್ತಿ. ಈಳಿಗೆಯ ಮುಂದೆ ಕುಳಿತ ನಮ್ಮ ತಾಯಂದಿರು ಅದರ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು ಬದನೆಕಾಯನ್ನು ಅಲಗಿನ ಬಳಿಗೆ ಒಯ್ಯುವರು. ಅಲ್ಲಿ ಅಲಗು ಸ್ಥಿರ, ಕಾಯಿ ಚರ. ಚೀನೀ ಕತ್ತಿಯಲ್ಲಿ ಕಾಯಿ ಮಣೆಯ ಮೇಲೆ ಸ್ಥಿರವಾಗಿದ್ದು ಅಲಗೇ ಇಳಿದು ಬರುತ್ತದೆ. ಎಡಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡು ಗೆಣ್ಣುಗಳ ಮೇಲೆ ಆ ಅಗಲವಾದ ಪಕ್ಕವನ್ನು ಒರಗಿಸಿಕೊಂಡರೆ, ಕತ್ತಿ ಎಷ್ಟು ವೇಗವಾಗಿ ಇಳಿದರೂ ಬೆರಳಿಗೆ ಭಯವಿಲ್ಲ. ಎಂಥ ಅಲಗಿನಲ್ಲಿಯೂ ಅರಿವು ಇರಬೇಕಾದ ಸ್ಥಾನವೊಂದುಂಟು. ಈಳಿಗೆಯಲ್ಲಿ ಅದು ಕಾಯಿ ಹಿಡಿದ ಎರಡು ಕೈಗಳಲ್ಲಿ, ಇಲ್ಲಿ ಮಡಚಿದ ಗೆಣ್ಣಿನಲ್ಲಿ.

ಈ ಕತ್ತಿಯನ್ನು ಆರಿಸುವವನು ಮೊದಲು ತಿಳಿಯಬೇಕಾದ ಮಾತೆಂದರೆ, ನೋಡುವುದಕ್ಕೆ ಕಟುಕನ ಮಚ್ಚಿನಂತಿದ್ದರೂ ಇದು ಬಹುಮಟ್ಟಿಗೆ ತರಕಾರಿ ಮತ್ತು ಎಲುಬಿಲ್ಲದ ಮಾಂಸವನ್ನು ಹೆಚ್ಚುವ ಸಾಧನವೆಂಬುದು. ಸುಮಾರು 20 ಸೆಂಟಿಮೀಟರ್ ಉದ್ದ, 9–10 ಸೆಂಟಿಮೀಟರ್ ಅಗಲ, 300–400 ಗ್ರಾಂ ತೂಕದ ತೆಳು ಅಲಗು ಒಂದು ಜಾತಿ. ಎಲುಬು ಒಡೆಯುವ ದಪ್ಪ ಅಲಗು ಬೇರೆ ಜಾತಿ. ಮುಂಭಾಗ ತೆಳುವಾಗಿ ಹಿಡಿಯ ಕಡೆಗೆ ದಪ್ಪವಾಗಿ ಎರಡಕ್ಕೂ ಒದಗುವಂಥದು ಮೂರನೆಯದು. ಭಾರವಾದುದೇ ಬಲವಾದುದೆಂದು ಭಾವಿಸಿ ಎಲುಬಿನ ಕತ್ತಿಯನ್ನು ಕೊಂಡವನು ಉಳ್ಳಾಗಡ್ಡಿಯನ್ನು ಸೀಳಿ ಜಜ್ಜುತ್ತಾನೆ. ತೆಳುವಾದುದನ್ನು ಕೊಂಡು ತೆಂಗಿನಕಾಯಿ ಒಡೆಯಹೊರಟವನ ಅಲಗಿನ ಬಾಯಿ ಹಲ್ಲುಹಲ್ಲಾಗಿ ಮುರಿಯುತ್ತದೆ. ಅಂಗಡಿಯಲ್ಲಿಯೇ ಅಲಗನ್ನು ಕಣ್ಣಿನ ನೇರಕ್ಕೆ ಎತ್ತಿ ಹಿಡಿದು ಅದು ಎಲ್ಲಿಯೂ ಸೊಟ್ಟಗಿಲ್ಲವೆಂಬುದನ್ನೂ, ಬೆನ್ನಿನಿಂದ ಬಾಯಿಯವರೆಗೆ ಕ್ರಮೇಣ ತೆಳುವಾಗುತ್ತ ಬಂದಿದೆಯೆಂಬುದನ್ನೂ ನೋಡಿಕೊಳ್ಳಬೇಕು. ಆಯುಧಕ್ಕೆ ಅದರ ಸ್ವಧರ್ಮವಲ್ಲದುದನ್ನು ಹೇರುವುದೂ ಒಂದು ಬಗೆಯ ಹಿಂಸೆಯೆಂದು ನಾನು ಬಗೆಯುತ್ತೇನೆ.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಚೀನೀ ತತ್ತ್ವಜ್ಞಾನಿ ಚುವಾಂಗ್ ತ್ಸುವಿನ ಹೆಸರಿನ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಕತ್ತಿಯ ಕಥೆಯೊಂದಿದೆ. ವೆನ್ ಹುಯಿ ಎಂಬ ದೊರೆಯ ಮುಂದೆ ತಿಂಗ್ ಎಂಬ ಬಾಣಸಿಗನು ಎತ್ತೊಂದನ್ನು ಬಿಡಿಸುತ್ತಿದ್ದಾನೆ. ಅವನ ಅಲಗಿನ ಸದ್ದು ಸಂಗೀತಕ್ಕೆ ಸಮನಾಗಿದೆ. ಸಾಧಾರಣ ಬಾಣಸಿಗನು ತಿಂಗಳಿಗೊಂದು, ನುರಿತವನು ವರ್ಷಕ್ಕೊಂದು ಕತ್ತಿಯನ್ನು ಬದಲಿಸುವನಂತೆ. ಇವನದಾದರೋ 19 ವರ್ಷಗಳಾದರೂ ಈಗತಾನೆ ಮಸೆದು ತಂದಂತಿದೆ. ಕಾರಣವಿಷ್ಟೆ: ಕೀಲುಗಳ ನಡುವೆ ಅವಕಾಶವುಂಟು, ಅಲಗಿನ ಬಾಯಿಗೆ ದಪ್ಪವಿಲ್ಲ, ದಪ್ಪವಿಲ್ಲದುದು ಅವಕಾಶವನ್ನು ಹೊಕ್ಕರೆ ಘರ್ಷಣೆ ಎಲ್ಲಿಂದ ಬರಬೇಕು? ಆದರೆ ಆ ಕಥೆಯಲ್ಲಿ ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿರುವುದು ಈ ಚಮತ್ಕಾರವಲ್ಲ. ಇಷ್ಟು ಸಿದ್ಧಹಸ್ತನಾದವನೂ ಸ್ನಾಯುಗಳು ಗಂಟಿಕ್ಕಿಕೊಂಡ ಕಠಿನ ಸ್ಥಳಕ್ಕೆ ಬಂದಾಗ ಎಚ್ಚೆತ್ತು, ದೃಷ್ಟಿಯನ್ನು ನೆಟ್ಟು, ಕೈಯನ್ನು ನಿಧಾನಿಸುತ್ತಾನೆಂಬ ಒಂದು ಮಾತು ಅಲ್ಲಿ ಬರುತ್ತದೆ. ಅಭ್ಯಾಸವು ಎಷ್ಟೇ ಪಕ್ವವಾಗಿದ್ದರೂ ಎಚ್ಚರಕ್ಕೆ ಪರ್ಯಾಯವಾಗದೆಂಬ ಒಪ್ಪಿಗೆ ಅದರಲ್ಲಿದೆ.

ಆದರೂ ಒಂದು ಪ್ರಶ್ನೆಯನ್ನು ಆ ಕಥೆ ಕೇಳುವುದೇ ಇಲ್ಲ. ಕತ್ತಿಗೇನೋ ನೋವಾಗಲಿಲ್ಲ, ಎತ್ತಿನ ಗತಿಯೇನು? ದೊರೆಯು ಜೀವನಪೋಷಣೆಯ ಮರ್ಮವನ್ನು ಅರಿತೆನೆಂದು ಸಂತೋಷಪಟ್ಟನು, ಎತ್ತಿನ ಪರವಾಗಿ ಯಾರೂ ನುಡಿಯಲಿಲ್ಲ. ಈ ಕೊರತೆಯನ್ನು ನಮ್ಮ ಮಹಾಭಾರತದ ವನಪರ್ವದಲ್ಲಿ ಬರುವ ಮಿಥಿಲೆಯ ಧರ್ಮವ್ಯಾಧನು ತುಂಬುತ್ತಾನೆ. ಮಾಂಸದ ಅಂಗಡಿಯಲ್ಲಿ ಕುಳಿತು ಕೌಶಿಕನೆಂಬ ಬ್ರಾಹ್ಮಣನಿಗೆ ಧರ್ಮವನ್ನು ಬೋಧಿಸುವ ಆತನು ತನ್ನ ವೃತ್ತಿ ಘೋರವೆಂಬುದನ್ನು ಮರೆಮಾಚುವುದಿಲ್ಲ, ಹಾಗೆಯೇ ನೇಗಿಲು ಹೂಡುವವನೂ ನೆಲದೊಳಗಿನ ಅಸಂಖ್ಯ ಜೀವಗಳನ್ನು ಕೊಲ್ಲುತ್ತಾನೆಂಬುದನ್ನೂ, ಧಾನ್ಯದ ಬೀಜವೂ ಜೀವವೇ ಎಂಬುದನ್ನೂ ನೆನಪಿಸುತ್ತಾನೆ. ತಿಂಗನ ಕೌಶಲಕ್ಕಿಂತ ಧರ್ಮವ್ಯಾಧನ ಈ ನಿರ್ವ್ಯಾಜವಾದ ಒಪ್ಪಿಗೆಯೇ ದೊಡ್ಡದೆಂದು ನನ್ನ ನಿಶ್ಚಯ. ಕುಶಲವಾದ ಕೈ ನಿರ್ದೋಷವಾದ ಕೈಯೆಂದು ಹೇಳಲು ನಾನು ಒಡಂಬಡಲಾರೆ. ಕುಶಲನಾದ ಕೊಲೆಗಡುಕನೂ ಲೋಕದಲ್ಲಿದ್ದಾನಷ್ಟೆ.

ಇನ್ನೂ ಸೂಕ್ಷ್ಮವಾದ ವಿಚಾರ ಜೈನರದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಲ್ಲಿ ಪ್ರಾಣಹರಣವನ್ನು ಮಾತ್ರ ಹೇಳಿ ನಿಲ್ಲದೆ ಅದನ್ನು ಪ್ರಮಾದದೊಡನೆ, ಎಂದರೆ ಮೈಮರೆತ ಮನಸ್ಸಿನ ವ್ಯಾಪಾರದೊಡನೆ ಕೂಡಿಸುತ್ತದೆ. ನಮ್ಮ ಬೆಳಗಾವಿ ಜಿಲ್ಲೆಯ ಶ್ರದ್ಧಾವಂತ ಜೈನ ಮನೆಗಳಲ್ಲಿ ಉಳ್ಳಾಗಡ್ಡಿ, ಬಟಾಟೆ, ಗಜ್ಜರಿಗಳು ಅಲಗಿನ ಬಳಿಗೇ ಬರುವುದಿಲ್ಲ. ನೆಲದಡಿಯ ಗಡ್ಡೆಯಲ್ಲಿ ಅನಂತ ಜೀವಗಳುಂಟೆಂಬ ನಂಬಿಕೆ ಅದಕ್ಕೆ ಆಧಾರ. ಅಂಥ ಮನೆಯಲ್ಲಿ ಕೊಯ್ಯುವುದಕ್ಕೆ ಮುಂಚೆ ಕೊಯ್ಯಬೇಕೆ ಎಂಬ ವಿಚಾರ ನಡೆದಿರುತ್ತದೆ. ಅವರ ಆಹಾರನಿಯಮವನ್ನು ಪಾಲಿಸದವರೂ ಅಲಗನ್ನೆತ್ತುವ ಮೊದಲಿನ ಆ ಒಂದು ಕ್ಷಣದ ನಿಲುವನ್ನು ಅವರಿಂದ ಕಲಿಯಬಹುದಾಗಿದೆ.

ಕತ್ತಿಯ ಆರೈಕೆಯನ್ನು ನಾನು ಈ ಅಪ್ರಮಾದದ ಭಾಗವೆಂದೇ ಎಣಿಸುತ್ತೇನೆ. ಇಂಗಾಲ ಹೆಚ್ಚಿರುವ ಉಕ್ಕಿನ ಚೀನೀ ಕತ್ತಿ ಒಳ್ಳೆಯ ಹರಿತವನ್ನು ತಾಳುತ್ತದೆ, ಆದರೆ ತೇವವನ್ನು ಸಹಿಸದು. ನಿಂಬೆ ಹುಣಿಸೆಗಳ ಹುಳಿ ತಾಗಿದ ಅಲಗನ್ನು ಹಾಗೆಯೇ ಬಿಟ್ಟರೆ ಕಪ್ಪಿಡುತ್ತದೆ, ನೀರಿನಲ್ಲಿ ಬಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ. ಆದಕಾರಣ ಕೆಲಸ ಮುಗಿದೊಡನೆ ತೊಳೆದು, ಒಣಬಟ್ಟೆಯಿಂದ ಒರಸಿ, ಬಹುದಿನ ಇಡುವುದಾದರೆ ತೆಳುವಾಗಿ ಎಣ್ಣೆ ಸವರಬೇಕು. ಕಲ್ಲಿನ ಕಟ್ಟೆಯ ಮೇಲಾಗಲಿ ಸ್ಟೀಲಿನ ತಟ್ಟೆಯಲ್ಲಾಗಲಿ ಕೊಯ್ಯದೆ ಮರದ ಮಣೆಯನ್ನೇ ಬಳಸಬೇಕು. ಮಸೆಯುವಾಗ ಕಲ್ಲಿಗೆ ನೀರು ಕುಡಿಸಿ, ಅಲಗಿನ ಬೆನ್ನನ್ನು ಸುಮಾರು 15 ಅಂಶ ಎತ್ತಿ, ಎರಡು ಪಕ್ಕಗಳನ್ನೂ ಸಮವಾಗಿ, ಆ ಓರೆಯನ್ನು ಕೊನೆಯವರೆಗೂ ಬದಲಿಸದೆ ತಿಕ್ಕಬೇಕು. ಮನಸ್ಸು ಬೇರೆಡೆಗೆ ಹರಿಯಿತೋ, ಕೈಯ ಓರೆ ತಪ್ಪಿ ಬಾಯಿ ದುಂಡಗಾಗುತ್ತದೆ. ಹೀಗೆ ಮಸೆದ ಅಲಗು ಟೊಮೆಟೊವಿನ ಸಿಪ್ಪೆಯನ್ನು ತನ್ನ ಭಾರದಿಂದಲೇ ಸೀಳುವುದು. ಮೊಂಡಾದುದನ್ನು ಒತ್ತಬೇಕಾಗುತ್ತದೆ, ಒತ್ತಿದ್ದು ಜಾರುತ್ತದೆ, ಜಾರಿದ್ದು ಕೈಗೆ ಬೀಳುತ್ತದೆ.

ಮಹಾನವಮಿಯ ಖಂಡೇಪೂಜೆಯಂದು ನಮ್ಮ ಕಡೆ ಕುಡಗೋಲು, ಕೊಡಲಿ, ಕೊಯ್ತಾಗಳನ್ನು ತೊಳೆದು ಕುಂಕುಮ ಹಚ್ಚಿ ಸಾಲಾಗಿ ಇಡುತ್ತಾರೆ. ಆ ಸಾಲಿನಲ್ಲಿ ಚೀನೀ ಕತ್ತಿಗೂ ಸ್ಥಳವುಂಟೆಂದೇ ನನ್ನ ಮತ. ಅದರ ಪಕ್ಕದಲ್ಲಿ ಮಸೆಗಲ್ಲನ್ನೂ ಇಡತಕ್ಕದ್ದು. ಕಬ್ಬು ಕಡಿಯುವ ಆಳುಗಳಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊಂಡು ಕೊಯ್ತಾದಿಂದ ಹೊಡೆದ ಕಬ್ಬು ಬುಡದಲ್ಲಿ ಸೀಳುತ್ತದೆ, ಏಟು ನೆಲಮಟ್ಟಕ್ಕೆ ಇಳಿಯದೆ ಮೋಟು ಎತ್ತರವಾಗಿ ಉಳಿಯುತ್ತದೆ. ಮುಂದಿನ ವರ್ಷ ಆ ಬುಡದಿಂದಲೇ ಚಿಗುರಬೇಕಾದ ಕೂಳೆ ಬೆಳೆ ಅಲ್ಲಿಂದಲೇ ಸೊರಗತೊಡಗುತ್ತದೆ.